ಬಾಗಿಲಾಚೆ ಬಿಟ್ಟ ಶೂಗಳು

ಹೋದ ತಿಂಗಳು ಯಾರೋ ಹೊಸಬರು ಫೋನು ಮಾಡಿ, ರಾಜ್ಯೋತ್ಸವದ ಹಾಡಿನ ಪ್ರಾಕ್ಟೀಸಿಗೆ ಒಂದು ಶಾಲೆಯಲ್ಲಿ ಜಾಗ ಸಿಕ್ಕಿದೆ, ನೀವು ಬಂದು ಮಕ್ಕಳ ಉಚ್ಚಾರ ತಿದ್ದಿಕೊಡಬೇಕು ಎಂದರು. ಯಾವ ಶಾಲೆ ಎಂದು ಕೇಳಿದೆ. ಅವರು ಹೆಸರು ಹೇಳಿದರು. ನಾನು ಎಷ್ಟೋ ವರ್ಷ ಭಾನುವಾರದ ಕನ್ನಡ ತರಗತಿ ನಡೆಸಿದ ಶಾಲೆ ಅದು. ಆಗುವುದಿಲ್ಲ ಎನ್ನಬೇಕೆಂದು ಬಾಯಿ ತೆರೆದವಳು, ಆಗಲಿ ಬರುತ್ತೇನೆ ಎಂದುಬಿಟ್ಟೆ. ಉಚ್ಚಾರ ಎಂದು ಯಾರಾದರೂ ಕರೆದರೆ ನನಗೆ ಇಲ್ಲ ಎನ್ನಲು ಬರುವುದಿಲ್ಲ.

ನಮ್ಮ ಮನೆ ಫ್ರೀಮಾಂಟಿನಲ್ಲಿ. ಶಾಲೆ ಇರುವುದು ಫ್ರೀವೇಯಲ್ಲಿ ಅರ್ಧ ಗಂಟೆಯ ದಾರಿಯ ಇನ್ನೊಂದು ಊರಿನಲ್ಲಿ. ಟ್ರಾಫಿಕ್ಕು ಇರಬಹುದೆಂದು ಬೇಗ ಹೊರಟು, ಎಲ್ಲರಿಗಿಂತ ಮೊದಲೇ ತಲುಪಿದೆ. ಕೋಣೆ ಅದೇ. ಬಾಗಿಲು ತೆರೆದಿತ್ತು. ಒಳಗೆ ಕಾಲಿಟ್ಟೆನೋ ಇಲ್ಲವೋ, ಹಳೆಯ ವಾಸನೆ ಮೂಗಿಗೆ ಬಡಿಯಿತು. ವಾರವಿಡೀ ಮಕ್ಕಳು ತುಳಿದ ಕಾರ್ಪೆಟ್ಟು, ಬಿಳಿ ಬೋರ್ಡಿನ ಮಾರ್ಕರು, ಡಬ್ಬಿಯಲ್ಲಿ ಮರೆತ ಕಿತ್ತಳೆ ಸಿಪ್ಪೆ, ಎಲ್ಲ ಸೇರಿ ಮುಚ್ಚಿದ ಕೋಣೆಯ ಬಿಸಿಲಿನಲ್ಲಿ ಬೆಂದ ವಾಸನೆ. ನನಗೆ ಬೇರೆ ಯಾವ ಊರಿನಲ್ಲೂ ಸಿಗದ ವಾಸನೆ ಅದು.

ತಿರುಗಿ ಬಾಗಿಲು ಮುಂದೆ ಮಾಡಿದಾಗ ಅದರ ಹಿಂಬದಿ ಕಂಡಿತು. ಹಿಡಿಕೆಯ ಮೇಲೆ ಹೊಸದಾಗಿ ಒಂದು ಪುಟ್ಟ ತಿರುಗಣೆ ಕೂರಿಸಿದ್ದರು. ಹೆಬ್ಬೆರಳಿನಿಂದ ತಿರುಗಿಸಿದರೆ ಬಾಗಿಲು ಒಳಗಿನಿಂದ ಭದ್ರವಾಗುತ್ತದೆ. ಕೀಲಿಕೈ ಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ. ನಾನು ಅದನ್ನು ಮುಟ್ಟಲಿಲ್ಲ, ನೋಡುತ್ತ ನಿಂತೆ. ನಿಧಿ ಕೇಳಿದ್ದು ಅದನ್ನೇ.

ನಿಧಿ ನನ್ನ ತರಗತಿಗೆ ಬಂದದ್ದು ಮೂರು ವರ್ಷದ ಹಿಂದೆ, ಆಗಸ್ಟಿನ ಕೊನೆಗೆ. ಶಾಲೆಯ ಹಿಂದಿನ ಗುಡ್ಡಗಳು ಆಗ ಒಣಗಿ ಕಂದು ಹಿಡಿದಿದ್ದವು. ಎಲ್ಲೋ ಕಾಡಿಗೆ ಬಿದ್ದ ಬೆಂಕಿಯ ಹೊಗೆ ನಮ್ಮ ಕಡೆಗೂ ಬಂದು, ಬೆಳಗಿನ ಸೂರ್ಯ ತಾಮ್ರದ ತಟ್ಟೆಯ ಹಾಗೆ ಕಾಣುತ್ತಿದ್ದ. ಅವಳು ಹನ್ನೊಂದನೇ ತರಗತಿಯಲ್ಲಿ ಓದುತ್ತಿದ್ದಳು, ಇಲ್ಲಿ ಅದೂ ಹೈಸ್ಕೂಲೇ. ಎತ್ತರದ ಹುಡುಗಿ, ಒಂದು ಜಡೆ, ಸದಾ ಒಂದು ಹಸಿರು ಹೂಡಿ, ಟೋಪಿ ಹೊಲಿದ ದಪ್ಪ ಅಂಗಿ. ಕಾಲೇಜಿನ ಅರ್ಜಿಗೆ ಸಮಾಜಸೇವೆ ಬೇಕು ಎಂದು ಅವಳ ಅಪ್ಪ ಶ್ರೀಧರ್ ನನ್ನ ಸಹಾಯಕ್ಕೆ ಬಿಟ್ಟರು. ಶ್ರೀಧರ್ ಮೈಸೂರಿನವರು, ಎಂಜಿನಿಯರು. ತರಗತಿಗೆ ಕೋಣೆ ಬಾಡಿಗೆ ಹಿಡಿಯುವುದು, ಶಾಲೆಯವರೊಡನೆ ಮಾತಾಡುವುದು ಎಲ್ಲ ಅವರದೇ ಕೆಲಸ. ಒಳ್ಳೆಯ ಮನುಷ್ಯ. ಆದರೆ ಇಂಗ್ಲಿಷಿನ ಈಮೇಲು ಬಂತೆಂದರೆ ಉತ್ತರ ಬರೆಯುವ ಮೊದಲು ಎದ್ದು ನಿಂತುಬಿಡುವ ಜಾತಿ.

ನನ್ನ ತರಗತಿಗೆ ಒಂದು ಕಟ್ಟಳೆ ಇತ್ತು. ಶೂ ಹೊರಗೆ. ಪುಸ್ತಕ ಇರುವ ಕಡೆ ಚಪ್ಪಲಿ ಬರಕೂಡದು ಎಂದು ಗದಗಿನಲ್ಲಿ ನಮ್ಮವ್ವ ನನಗೆ ಕಲಿಸಿದ್ದನ್ನು ನಾನು ಇಲ್ಲಿಯವರೆಗೆ ಹೊತ್ತು ತಂದಿದ್ದೆ. ಮೇಜಿನ ಮೇಲೆ ಅಂಗೈಯಗಲದ ಸರಸ್ವತಿಯ ಪಟ. ದೀಪ ಹಚ್ಚಿದರೆ ಬೆಂಕಿಯ ಅಲಾರಂ ಹೊಡೆದುಕೊಳ್ಳುತ್ತದೆಂದು ಬ್ಯಾಟರಿಯ ದೀಪ. ಮಕ್ಕಳು ಕೈಮುಗಿದು ಕಾರ್ಪೆಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ತರಗತಿ ಶುರು. ಈ ಕಡೆಯ ಹಳೆಯ ಶಾಲೆಗಳಿಗೆ ಮಹಡಿ ಇಲ್ಲ, ಬಾಗಿಲುಗಳು ನೇರವಾಗಿ ಹೊರಗಿನ ಪಡಸಾಲೆಗೆ ತೆರೆದುಕೊಳ್ಳುತ್ತವೆ. ಆ ಪಡಸಾಲೆಯ ಗೋಡೆಗುಂಟ ಇಪ್ಪತ್ತರ ಆಸುಪಾಸು ಜೋಡಿ ಶೂಗಳು ಸಾಲಾಗಿ ಕೂತಿರುತ್ತಿದ್ದವು. ಕಾರು ನಿಲ್ಲಿಸಿ ಬರುವ ತಾಯಂದಿರು ಆ ಸಾಲನ್ನು ನೋಡಿಯೇ ನಮ್ಮ ಕೋಣೆ ಯಾವುದೆಂದು ಗುರುತು ಹಿಡಿಯುತ್ತಿದ್ದರು.

ಆ ಸಾಲಿನಲ್ಲಿ ಇಶಾನನ ಶೂ ಯಾವಾಗಲೂ ತಿರುವುಮುರುವು. ಆರು ವರ್ಷದ ಹುಡುಗ, ಎಲ್ಲರಿಗಿಂತ ಚಿಕ್ಕವನು. ಅವನ ಶೂಗಳ ಹಿಮ್ಮಡಿಯಲ್ಲಿ ಕೆಂಪು ದೀಪಗಳಿದ್ದವು, ಹೆಜ್ಜೆ ಇಟ್ಟರೆ ಮಿಣುಕುತ್ತಿದ್ದವು. ಅವನು ಎರಡು ನಿಮಿಷ ಒಂದು ಕಡೆ ಕೂತದ್ದನ್ನು ನಾನು ನೋಡಿರಲಿಲ್ಲ. ಕಾಗುಣಿತ ಹೇಳಿಸಿದರೆ ಕಾ ಹೇಳುವಾಗ ಕಿಟಕಿಯ ಹತ್ತಿರ, ಕೀ ಹೇಳುವಾಗ ಕಪಾಟಿನ ಮೇಲೆ. ನನ್ನ ಗಂಟಲು ಹರಿದುಹೋಗುತ್ತಿತ್ತು. ನಿಧಿ ಬಂದ ಮೇಲೆ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆರಳು ಹಿಡಿದು ಬರೆಸತೊಡಗಿದಳು. ಅವಳ ಕನ್ನಡವೂ ಅಷ್ಟಕ್ಕಷ್ಟೇ. ಇಬ್ಬರೂ ಸೇರಿ ತಪ್ಪು ಬರೆದು ನಗುವುದನ್ನು ನೋಡಿ ನಾನು ಸಿಟ್ಟಿನ ಮುಖ ಮಾಡುತ್ತಿದ್ದೆ, ಸಿಟ್ಟು ಬರುತ್ತಿರಲಿಲ್ಲ.

ಮೊದಲ ದಿನವೇ ಅವಳು ಬಾಗಿಲನ್ನು ಹಾಕಿ ತೆಗೆದು, ಹಾಕಿ ತೆಗೆದು ಮಾಡಿದಳು.

"ಆಂಟಿ, ಈ ಡೋರು ಒಳಗಿಂದ ಲಾಕ್ ಆಗಲ್ಲ."

"ಆಗದಿರೋದ ಛಲೋ. ಲಾಕ್ ಆದರ ಈ ಇಶಾನ ಚಿಲಕ ಹಾಕ್ಕೊಂಡು ನಮ್ಮನ್ನ ಹೊರಗ ನಿಲ್ಲಸ್ತಾನ," ಎಂದೆ.

ಅವಳು ನಗಲಿಲ್ಲ. "ಇಲ್ಲ ಆಂಟಿ, ಸೀರಿಯಸ್ಲಿ. ವೀಕ್ ಡೇಸಲ್ಲಿ ಟೀಚರ್ ಹತ್ರ ಕೀ ಇರತ್ತೆ, ಯಾವಾಗ್ಲೂ ಲಾಕ್ ಮಾಡಿರ್ತಾರೆ. ನಮ್ಮ ಹತ್ರ ಕೀ ಇಲ್ಲ. ಏನಾದ್ರೂ ಆದ್ರೆ?"

ಅವಳು ಹೇಳಿದ್ದು ನಿಜ. ಭಾನುವಾರ ಒಬ್ಬ ನೌಕರ ಬಂದು ಬಾಗಿಲು ತೆರೆದುಕೊಟ್ಟು ಹೋಗುತ್ತಿದ್ದ, ಮಧ್ಯಾಹ್ನ ಬಂದು ಬೀಗ ಹಾಕುತ್ತಿದ್ದ. ನಡುವೆ ನಾವು ಬೀಗವಿಲ್ಲದ ಕೋಣೆಯಲ್ಲಿರುತ್ತಿದ್ದೆವು. ಅದರ ಬಗ್ಗೆ ಯೋಚಿಸಬೇಕೆಂದೇ ನಮಗೆ ಯಾರಿಗೂ ಹೊಳೆದಿರಲಿಲ್ಲ. ನಾವು ಓದಿದ ಶಾಲೆಗಳ ಬಾಗಿಲಿಗೆ ಬೀಗ ಹಾಕುತ್ತಿದ್ದುದು ದನ ನುಗ್ಗಬಾರದೆಂದು.

ನಿಧಿಗೆ ಹೊಳೆಯಲು ಕಾರಣವಿತ್ತು. ಆ ಊರಿನ ಶಾಲೆಗಳನ್ನೆಲ್ಲ ನಡೆಸುವ ಮಂಡಳಿಗೆ ಸಲಹೆ ಕೊಡಲೆಂದು ಹೈಸ್ಕೂಲಿನ ಮಕ್ಕಳದೇ ಒಂದು ಸಮಿತಿ ಮಾಡಿದ್ದರು, ಅವಳು ಅದರಲ್ಲಿದ್ದಳು. ಯಾರಾದರೂ ಬಂದೂಕು ಹಿಡಿದು ಶಾಲೆಗೆ ನುಗ್ಗಿದರೆ ಏನು ಮಾಡಬೇಕು ಎಂಬ ನಿಯಮಗಳನ್ನು ದೊಡ್ಡವರು ಬರೆಯುತ್ತಾರೆ, ಅಡಗಿ ಕೂರಬೇಕಾದ ಮಕ್ಕಳೂ ಒಂದು ಮಾತು ಹೇಳಲಿ ಎಂದು ಆ ಸಮಿತಿ. ಅವಳು ಅದನ್ನು ಎಷ್ಟು ಮನಸ್ಸಿಟ್ಟು ಮಾಡುತ್ತಿದ್ದಳೆಂದರೆ ನನಗೆ ಅವಳನ್ನು ರೇಗಿಸುವುದೇ ಒಂದು ಆಟವಾಯಿತು. ಏನವ್ವಾ ಮಂತ್ರಿಗಳೇ, ಇವತ್ತು ಯಾವ ಕಾನೂನು ಮಾಡಿದಿರಿ ಎನ್ನುತ್ತಿದ್ದೆ. ಅವಳು ನಾಚಿಕೊಂಡು ಹೂಡಿಯ ಟೋಪಿಯನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದಳು.

ನವೆಂಬರಿನಲ್ಲಿ ಮೊದಲ ಮಳೆ ಬಂದ ದಿನ, ತರಗತಿ ಮುಗಿದ ಮೇಲೆ ಅವಳ ಅಪ್ಪನಿಗಾಗಿ ಕಾಯುತ್ತ ಇಬ್ಬರೂ ಪಡಸಾಲೆಯಲ್ಲಿ ನಿಂತಿದ್ದೆವು. ಮಕ್ಕಳಿಗೆ ಬಹುಮಾನ ಕೊಡಲು ನಾನೊಂದು ಡಬ್ಬಿಯಲ್ಲಿ ಲಾಲಿಪಾಪು ಇಟ್ಟಿರುತ್ತಿದ್ದೆ. ಒಂದು ತೆಗೆದು ಅವಳಿಗೆ ಕೊಟ್ಟೆ. ಬೇಡ ಎಂದಳು.

"ಯಾಕ, ಹಲ್ಲು ನೋಯ್ತದ ಏನು?"

"ಕಿಂಡರ್‌ಗಾರ್ಟನಲ್ಲಿ ಕೊಡ್ತಿದ್ರು ಆಂಟಿ, ಡ್ರಿಲ್ ಟೈಮಲ್ಲಿ. ಗನ್ ಹಿಡ್ಕೊಂಡು ಯಾರಾದ್ರೂ ಬಂದ್ರೆ ಅಂತ ಪ್ರಾಕ್ಟೀಸ್ ಮಾಡಿಸ್ತಾರಲ್ಲ, ಅದು. ಲೈಟ್ ಆಫ್ ಮಾಡಿ ಕಾರ್ನರಲ್ಲಿ ಕೂರಿಸಿ, ಎಲ್ಲರ ಬಾಯಿಗೂ ಒಂದೊಂದು. ಬಾಯಲ್ಲಿ ಇದ್ರೆ ನಾವು ಮಾತಾಡಲ್ಲ ಅಂತ. ಈಗ್ಲೂ ತಿನ್ನೋಕಾಗಲ್ಲ."

ಅವಳು ಇದನ್ನು ಹವಾಮಾನದ ಸುದ್ದಿಯಷ್ಟೇ ಸಲೀಸಾಗಿ ಹೇಳಿದಳು. ಲಾಲಿಪಾಪನ್ನು ನಾನು ಡಬ್ಬಿಗೆ ಹಾಕಿದೆ. ಐದು ವರ್ಷದ ನಿಧಿ ಕತ್ತಲಲ್ಲಿ ಕೂತು ಅದನ್ನು ಚೀಪುವುದು ಕಣ್ಣ ಮುಂದೆ ಬಂತು. ಅಂದಿನಿಂದ ಮಂತ್ರಿಗಳೇ ಎಂದು ರೇಗಿಸುವುದನ್ನು ಬಿಟ್ಟೆ.

ಜನವರಿಯಿಡೀ ಮಳೆ. ಫೆಬ್ರವರಿಗೆ ಗುಡ್ಡಗಳು ಕಣ್ಣು ಕುಕ್ಕುವಷ್ಟು ಹಸಿರಾಗಿದ್ದವು. ಅಂಥ ಒಂದು ಭಾನುವಾರ, ಮಳೆ ಬಂದು ನಿಂತ ಹೊತ್ತಿನಲ್ಲಿ, ನಾನು ಬೋರ್ಡಿನ ಮೇಲೆ ಒತ್ತಕ್ಷರ ಬರೆಯುತ್ತಿದ್ದೆ. ಮೇಲೆ ಹೆಲಿಕಾಪ್ಟರಿನ ಸದ್ದು ಬಹಳ ಹೊತ್ತಿನಿಂದ ಇತ್ತು, ನಾನು ಲಕ್ಷ್ಯ ಕೊಟ್ಟಿರಲಿಲ್ಲ. ನಿಧಿ ಫೋನು ನೋಡಿದವಳು ಎದ್ದು ದೀಪ ಆರಿಸಿದಳು.

"ಏನಾತು?" ಎಂದೆ.

ಅವಳು ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. ಶಾಲೆಯ ಹಿಂದಿನ ಬೀದಿಯಲ್ಲಿ ಅವಳ ಗೆಳತಿಯ ಮನೆ. ಅಲ್ಲಿ ಒಬ್ಬ ಕಾರಿನ ಮೇಲೆ ಗುಂಡು ಹಾರಿಸಿ ಓಡಿದ್ದಾನೆ, ಪೊಲೀಸರು ಹುಡುಕುತ್ತಿದ್ದಾರೆ, ಯಾರೂ ಹೊರಗೆ ಬರಬೇಡಿ ಎಂದು ಮನೆಮನೆಗೂ ಸಂದೇಶ ಬಂದಿದೆ. ನಮಗೆ ಬಂದಿರಲಿಲ್ಲ. ಬೇರೆ ದಿನವಾಗಿದ್ದರೆ ಶಾಲೆಯವರಿಗೆ ಬರುತ್ತಿತ್ತು. ಭಾನುವಾರ ಆ ಕೋಣೆಯಲ್ಲಿ ನಾವಿದ್ದೇವೆಂದು ಯಾರಿಗೂ ನೆನಪಿರಲಿಲ್ಲ.

ನಾನು ಮಕ್ಕಳ ಕಡೆ ತಿರುಗಿದೆ. ಏನು ಹೇಳಿ ಸುಮ್ಮನಾಗಿಸುವುದು ಎಂದು ಮಾತು ಹುಡುಕುತ್ತಿದ್ದೆ. ಹೇಳುವುದು ಏನೂ ಉಳಿದಿರಲಿಲ್ಲ. ದೀಪ ಆರಿದ್ದೇ ತಡ, ಅಷ್ಟೂ ಮಕ್ಕಳು ಕಿಟಕಿಗೆ ಕಾಣದ ಮೂಲೆಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲು ಅಪ್ಪಿ ಕೂತಾಗಿತ್ತು. ಯಾರೂ ಯಾಕೆ ಎಂದು ಕೇಳಲಿಲ್ಲ. ದೊಡ್ಡವರು ಚಿಕ್ಕವರನ್ನು ಒಳಗೆ ತಳ್ಳಿ ತಾವು ಅಂಚಿಗೆ ಕೂತಿದ್ದರು. ಇಶಾನ ಕದಲದೆ ಕೂತಿದ್ದ. ಇಡೀ ವರ್ಷ ನಾನು ಕಲಿಸಲಾಗದ್ದನ್ನು ಅವನಿಗೆ ಬೇರೆ ಯಾರೋ ಚೆನ್ನಾಗಿ ಕಲಿಸಿದ್ದರು.

ನಿಧಿ ಕಿಟಕಿಯ ಪರದೆ ಇಳಿಸಿದಳು. ಬಾಗಿಲಿಗೆ ಮೇಜು ತಳ್ಳಿದಳು. ಬಾಗಿಲು ಹೊರಗೆ ತೆರೆಯುವಂಥದ್ದು, ಮೇಜಿನಿಂದ ಏನೂ ಪ್ರಯೋಜನವಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಅವಳು ನಿಂತಲ್ಲೇ ನಿಂತು ನನ್ನ ಮುಖ ನೋಡಿದಳು.

"ಆಂಟಿ, ಶೂಸ್."

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ದೀಪ ಆರಿಸಿ, ಪರದೆ ಎಳೆದು, ಉಸಿರು ಬಿಗಿಹಿಡಿದು ಕೂತೇನು ಬಂತು. ಈ ಕೋಣೆಯೊಳಗೆ ಮಕ್ಕಳಿದ್ದಾರೆ, ಇಷ್ಟು ಮಕ್ಕಳಿದ್ದಾರೆ, ಇಷ್ಟಿಷ್ಟೇ ದೊಡ್ಡವರು ಎಂದು ಹೊರಗಿನ ಸಾಲು ಬಂದವರಿಗೆಲ್ಲ ಹೇಳುತ್ತಿತ್ತು. ಬೇಡ ಎಂದು ಅವಳ ಹೂಡಿಯ ತೋಳು ಹಿಡಿದುಕೊಂಡೆ. ಅವಳು ಹೂಡಿಯನ್ನೇ ಕಳಚಿ, ಮೇಜನ್ನು ಬದಿಗೆ ಸರಿಸಿ, ಹೂಡಿಯನ್ನು ಚೀಲದ ಹಾಗೆ ಹಿಡಿದು ಹೊರಗೆ ಹೋದಳು.

ಪರದೆಯ ಸಂದಿಯಿಂದ ನೋಡಿದೆ. ಪಡಸಾಲೆಯಾಚೆ ಒದ್ದೆ ಕಾರು ನಿಲುಗಡೆ ಖಾಲಿ ಬಿದ್ದಿತ್ತು. ಅವಳು ಬಗ್ಗಿ ಶೂಗಳನ್ನು ಬಾಚಿ ಬಾಚಿ ಹಾಕಿಕೊಳ್ಳುತ್ತಿದ್ದಳು. ಕಾಲುಚೀಲದ ಕಾಲು, ಬಿಳಿ ಬನಿಯನ್ನಿನಂಥ ಅಂಗಿ, ಬೆನ್ನ ಮೇಲೆ ಜಡೆ. ಗದಗಿನ ಎಲ್ಲ ದೇವರನ್ನೂ ಕರೆದೆ. ಅವಳಮ್ಮನ ಮುಖ ನೆನಪಾಗಿ, ನಾಳೆ ಆಕೆಗೆ ನಾನೇನು ಹೇಳಲಿ ಎಂದುಕೊಂಡೆ. ಹೂಡಿ ತುಂಬಿತು. ಉಳಿದವನ್ನು ಎದೆಗೆ ಅವಚಿಕೊಂಡು ಒಳಗೆ ಬಂದಳು.

ಶೂಗಳನ್ನು ನೆಲಕ್ಕೆ ಸುರಿದಾಗ ಇಶಾನನ ಶೂ ಮಿಣುಕತೊಡಗಿತು. ಆ ಕತ್ತಲಲ್ಲಿ ಅದೊಂದೇ ಬೆಳಕು. ಒಬ್ಬ ಹುಡುಗಿ ಮುಂದೆ ತೆವಳಿ ಬಂದು ಅದರ ಮೇಲೆ ಎರಡೂ ಅಂಗೈ ಮುಚ್ಚಿದಳು. ನಿಧಿ ನನ್ನ ಲಾಲಿಪಾಪಿನ ಡಬ್ಬಿಯ ಕಡೆ ಒಮ್ಮೆ ನೋಡಿದಳು. ತೆರೆದು ಚಿಕ್ಕವರಿಗೆಲ್ಲ ಒಂದೊಂದು ಕೊಟ್ಟಳು. ಆಮೇಲೆ ಎರಡೂ ಕೈಯಿಂದ ಬಾಗಿಲಿನ ಹಿಡಿಕೆ ಹಿಡಿದು ಒಳಮುಖವಾಗಿ ಎಳೆದುಕೊಂಡು ನೆಲಕ್ಕೆ ಕೂತಳು. ಬೀಗವಿಲ್ಲದ ಬಾಗಿಲಿಗೆ ಅವಳೇ ಬೀಗವಾಗಿ ಕೂತಿದ್ದಳು. ನಾನು ಹೋಗಿ ಅವಳ ಸೊಂಟವನ್ನು ತಬ್ಬಿ ಹಿಂದಕ್ಕೆ ಜಗ್ಗಿ ಕೂತೆ. ಡಾಕ್ಟರು ಇಳಿಸಿ ಇಳಿಸಿ ಎಂದು ಬೈಯುವ ನನ್ನ ತೂಕ ಅವತ್ತೊಂದು ದಿನ ಕೆಲಸಕ್ಕೆ ಬಂತು.

ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ತಿಳಿಯದು. ಇಶಾನ ಚಡ್ಡಿಯಲ್ಲಿ ಉಚ್ಚೆ ಮಾಡಿಕೊಂಡ. ವಾಸನೆ ಬಂದಾಗ ತಿಳಿಯಿತು. ಯಾವ ಮಗುವೂ ನಗಲಿಲ್ಲ, ಮೂಗು ಮುಚ್ಚಲಿಲ್ಲ. ಅವನ ಬಾಯಲ್ಲಿ ಲಾಲಿಪಾಪಿನ ಕಡ್ಡಿ ಅಲುಗದೆ ನಿಂತಿತ್ತು, ಕೆನ್ನೆಯ ಮೇಲೆ ನೀರು ಸದ್ದಿಲ್ಲದೆ ಇಳಿಯುತ್ತಿತ್ತು. ಆರು ವರ್ಷದ ಮಗು ಸದ್ದಿಲ್ಲದೆ ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ದೇವರು ಮತ್ತೆ ತೋರಿಸದಿರಲಿ.

ಆ ಮನುಷ್ಯ ಎರಡು ಬೀದಿ ಆಚೆ ಸಿಕ್ಕಿಬಿದ್ದ. ನಮ್ಮ ಶಾಲೆಯ ಕಡೆಗೆ ಅವನು ಬರಲೇ ಇಲ್ಲ. ತಂದೆತಾಯಂದಿರು ಬಂದರು, ಅತ್ತರು, ಮಕ್ಕಳನ್ನು ಅಪ್ಪಿ ಕರೆದುಕೊಂಡು ಹೋದರು. ನಿಧಿ ತನ್ನ ಹಸಿರು ಹೂಡಿಯನ್ನು ಇಶಾನನ ಸೊಂಟಕ್ಕೆ ಕಟ್ಟಿ ಕಳಿಸಿದಳು. ಅವನು ಶೂಗಳನ್ನು ತಿರುವುಮುರುವು ಹಾಕಿಕೊಂಡಿದ್ದ. ಅವತ್ತು ನಾನು ತಿದ್ದಲಿಲ್ಲ.

ಮುಂದಿನ ಶನಿವಾರ ಶ್ರೀಧರ್ ಮನೆಯಲ್ಲಿ ಎಲ್ಲ ಸೇರಿದೆವು. ಉಪ್ಪಿಟ್ಟು ಮಾಡಿದ್ದರು, ಯಾರಿಗೂ ಸೇರಲಿಲ್ಲ. ದೂರು ಕೊಡಬೇಕು ಎಂದರು ಕೆಲವರು. ದೂರು ಕೊಟ್ಟರೆ ಕೋಣೆಯೇ ಸಿಗದು, ಮುಂದೆ ಕನ್ನಡ ತರಗತಿಗೆ ಎಲ್ಲಿಗೆ ಹೋಗುವುದು ಎಂದರು ಇನ್ನು ಕೆಲವರು. ಶ್ರೀಧರ್ ಎಲ್ಲರಿಗೂ ಕಾಫಿ ಕೊಡುತ್ತ ಸಮಾಧಾನದ ದಾರಿ ಹುಡುಕಿದರು.

"ನೋಡಿ, ಸಿಂಪಲ್ಲು. ಇನ್ಮೇಲೆ ಮಕ್ಕಳು ಶೂ ಹಾಕ್ಕೊಂಡೇ ಒಳಗೆ ಕೂತ್ಕೊಳ್ಳಿ. ಹೊರಗೆ ಏನೂ ಕಾಣಲ್ಲ. ಯಾರಿಗೂ ಲೆಟರ್ ಬರೆಯೋದೇ ಬೇಡ. ಏನಂತೀರಾ ಸುಮಂಗಲಾ ಮೇಡಮ್?"

ನಾನು ಬಾಯಿ ತೆರೆಯುವ ಮೊದಲು ಮೆಟ್ಟಿಲ ಮೇಲೆ ಕೂತಿದ್ದ ನಿಧಿ ಮಾತಾಡಿದಳು.

"ಇಲ್ಲ ಅಪ್ಪ. ಶೂಸ್ ಹೊರಗೇ ಇರಬೇಕು."

"ಏನು ಹಾಗಂದ್ರೆ? ಅವತ್ತು ನೀನೇ ತಾನೇ ಹೋಗಿ ಒಳಗೆ ತಂದಿದ್ದು?"

"ಹೌದು. ಅದಕ್ಕೇ ಹೇಳ್ತಿರೋದು." ಅವಳು ಕನ್ನಡದ ಪದಗಳನ್ನು ಒಂದೊಂದಾಗಿ ಹುಡುಕಿ ಹೇಳಿದಳು. "ನಮ್ಮ ಸ್ಕೂಲಲ್ಲಿ ನಾನು ಎಲ್ಲಿ ಕೂತ್ರೂ ಫಸ್ಟು ಡೋರ್ ಎಲ್ಲಿದೆ ನೋಡ್ತೀನಿ. ಎಲ್ಲರೂ ನೋಡ್ತಾರೆ. ಶೂಲೇಸ್ ಟೈಟಾಗಿ ಕಟ್ಕೋತೀವಿ, ಓಡಬೇಕಾದ್ರೆ ಅಂತ. ಸಂಡೇ ಆಂಟಿ ಹತ್ರ ಬಂದ್ರೆ ಮಾತ್ರ ಶೂಸ್ ಬಿಚ್ಚಿ ಕೂರ್ತೀವಿ. ಮನೆ ಥರ. ಈ ಚಿಕ್ಕೋರಿಗೆ ಅದೊಂದು ಇರಲಿ ಅಪ್ಪ. ಲಾಕ್ ಇದ್ರೆ ಶೂಸ್ ಹೊರಗೇ ಬಿಡಬಹುದು. ನಂಗೆ ಬೇಕಾಗಿರೋದು ಅಷ್ಟೇ."

ನಮ್ಮವ್ವನ ಕಟ್ಟಳೆಯನ್ನು ನಾನು ಶಿಸ್ತು ಎಂದುಕೊಂಡು ಮಕ್ಕಳ ಮೇಲೆ ಹೇರಿದ್ದೆ. ಅದರಲ್ಲಿ ಅವರು ಏನು ಕಂಡುಕೊಂಡಿದ್ದರು ಎಂಬುದು ಅವತ್ತು ತಿಳಿಯಿತು.

"ನಿನಗೆ ಪರೀಕ್ಷೆ ಇದೆ ಪುಟ್ಟಾ, ಇದೆಲ್ಲಾ ದೊಡ್ಡೋರು ನೋಡ್ಕೋತಾರೆ," ಎಂದರು ಶ್ರೀಧರ್.

"ದೊಡ್ಡವರು ನೋಡ್ಕೊಂಡಿದ್ದು ಅವತ್ತ ಕಂಡೇವಲ್ರೀ," ಎಂದೆ ನಾನು. "ಆಕಿ ಕೇಳ್ಲಿ ಬಿಡ್ರಿ. ಆಕಿ ಜೋಡಿ ನಾನೂ ಹೋಗ್ತೀನಿ."

ಸಮಿತಿಯ ಮಕ್ಕಳೆಲ್ಲ ಅವಳ ಮಾತಿಗೆ ಕೂಡಿಕೊಂಡರು. ಕೇಳಿದ್ದು ಎರಡೇ. ಪ್ರತಿ ಕೋಣೆಗೂ ಒಳಗಿನಿಂದ ಕೈಯಲ್ಲೇ ಹಾಕಬಹುದಾದ ಬೀಗ. ಅಪಾಯದ ಸಂದೇಶ ಕಳಿಸುವಾಗ, ಆ ಹೊತ್ತಿಗೆ ಕಟ್ಟಡದಲ್ಲಿ ಯಾರಿದ್ದರೂ, ಬಾಡಿಗೆಯವರಾದರೂ, ಅವರಿಗೂ ತಲುಪಬೇಕು. ಹೈಸ್ಕೂಲಿನ ಮಕ್ಕಳು ಮಾರ್ಚ್ ತಿಂಗಳಿಡೀ ಕೂತು ಅದನ್ನು ಬರೆದರು, ತಿದ್ದಿದರು. ನಿಧಿ ಭಾನುವಾರ ಬಂದು ಇಶಾನನಿಗೆ ಒತ್ತಕ್ಷರ ಬರೆಸುತ್ತಲೇ ತನ್ನ ಮಾತನ್ನು ಬಾಯಿಪಾಠ ಮಾಡುತ್ತಿದ್ದಳು. ಮಕ್ಕಳ ಶೂಗಳನ್ನು ನಾವು ತಾತ್ಕಾಲಿಕವಾಗಿ ಬಾಗಿಲ ಒಳಗೆ ಒಂದು ರಟ್ಟಿನ ಡಬ್ಬದಲ್ಲಿ ಇಡುತ್ತಿದ್ದೆವು. ಬೀಗ ಬರುವವರೆಗೆ ಮಾತ್ರ ಎಂದು ನಿಧಿ ಎಲ್ಲರಿಗೂ ಹೇಳಿದ್ದಳು.

ಏಪ್ರಿಲಿನಲ್ಲಿ ಗುಡ್ಡಗಳ ತುಂಬ ಕಾಡು ಸಾಸಿವೆ ಹಳದಿಯಾಗಿ ಹೂಬಿಟ್ಟ ದಿನಗಳಲ್ಲಿ ಮಂಡಳಿಯ ಸಭೆ. ಸಂಜೆಯ ಬಿಸಿಲು ಇನ್ನೂ ಇತ್ತು. ನಮ್ಮ ತರಗತಿಯ ಮಕ್ಕಳನ್ನೂ ಕರೆದುಕೊಂಡು ಬನ್ನಿ ಎಂದು ನಾನೇ ಎಲ್ಲರಿಗೂ ಹೇಳಿದ್ದೆ. ಬೇಗ ಹೋಗಿ ಸಭೆಯ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಒಳಗೆ ಕಳಿಸುತ್ತಿದ್ದೆ. ಎಲ್ಲ ಕೂತ ಮೇಲೆ ನೋಡುತ್ತೇನೆ, ಹೊರಗಿನ ಗೋಡೆಗುಂಟ ಶೂಗಳು ಸಾಲಾಗಿ ಕೂತಿವೆ. ಯಾರೂ ಅವರಿಗೆ ಬಿಚ್ಚಿ ಎಂದಿರಲಿಲ್ಲ. ಬಾಗಿಲಲ್ಲಿ ನನ್ನನ್ನು ಕಂಡರೆ ಶೂ ಕಳಚಬೇಕೆಂದು ಆ ಮಕ್ಕಳ ಕಾಲಿಗೆ ರೂಢಿಯಾಗಿತ್ತು. ಮಂಡಳಿಯ ಸದಸ್ಯರು ಅವನ್ನು ದಾಟಿ ನಗುತ್ತ ಒಳಗೆ ಬಂದರು. ಒಬ್ಬರು ಇಶಾನನ ಶೂಗಳನ್ನು ಕಾಲಿನಿಂದ ಮೆಲ್ಲಗೆ ಸರಿಸಿದರು, ಅವು ಮಿಣುಕಿದವು.

ಮಾತಾಡುವವರು ಬಹಳ ಮಂದಿ ಇದ್ದರು. ಎರಡು ನಿಮಿಷ ಎಂದಿದ್ದನ್ನು ಒಂದು ನಿಮಿಷಕ್ಕೆ ಇಳಿಸಿದರು. ನಿಧಿ ಮೈಕಿನ ಮುಂದೆ ನಿಂತು ಕೈಯಲ್ಲಿದ್ದ ಹಾಳೆಯನ್ನು ನೋಡಿದಳು, ಮಡಿಸಿ ಜೇಬಿಗಿಟ್ಟಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನಗೆ ನೆನಪಿರುವಂತೆ ಕನ್ನಡದಲ್ಲಿ ಬರೆಯುತ್ತೇನೆ.

"ಈ ಕೋಣೆಯಲ್ಲಿ ಎಷ್ಟು ಮಕ್ಕಳಿದ್ದೇವೆ ಎಂದು ನಿಮಗೆ ಗೊತ್ತು. ಬರುವಾಗ ಬಾಗಿಲ ಹೊರಗೆ ನೋಡಿದಿರಿ. ಫೆಬ್ರವರಿಯಲ್ಲಿ ಒಂದು ದಿನ ಬಂದೂಕಿನವನೂ ಹಾಗೆಯೇ ನೋಡಬಹುದಿತ್ತು. ಆ ಶೂಗಳನ್ನು ಒಳಗೆ ತರಲು ನಾನು ಹೊರಗೆ ಹೋದೆ. ಮತ್ತೆ ಯಾರೂ ಹೋಗುವಂತಾಗಬಾರದು. ನಮಗೆ ಒಂದು ಬೀಗ ಕೊಡಿ. ಶೂಗಳು ಅಲ್ಲೇ ಇರಲಿ."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಂಡಳಿಯ ಒಬ್ಬ ಹೆಂಗಸು ಕಣ್ಣೊರೆಸಿಕೊಂಡರು. ನಿಮ್ಮಂಥ ಮಕ್ಕಳ ದನಿಯೇ ನಮಗೆ ದಾರಿದೀಪ ಎಂಬಂಥ ಮಾತುಗಳು ಬಂದವು. ಸಭೆಯ ನಡುವೆ ಬಿಡುವು ಕೊಟ್ಟಾಗ ನಿಧಿಯನ್ನು ಶೂಗಳ ಸಾಲಿನ ಹಿಂದೆ ನಿಲ್ಲಿಸಿ ಫೋಟೋ ತೆಗೆದರು. ಶ್ರೀಧರ್ ಮುಖ ಊರಗಲ ಆಗಿತ್ತು, ಆ ಫೋಟೋವನ್ನು ಮೈಸೂರಿನ ನೆಂಟರಿಗೆಲ್ಲ ಕಳಿಸಿದರು. ಕಾರಿನಲ್ಲಿ ಬರುವಾಗ ನಿಧಿ ಹಿಂದಿನ ಸೀಟಿನಲ್ಲಿ ಇಶಾನನ ಜೊತೆ ಕೂತು, ನಾವೆಲ್ಲ ಊಹಿಸಿದ್ದಕ್ಕಿಂತ ಜೋರಾಗಿ ಹಾಡುತ್ತಿದ್ದಳು. ಅವಳನ್ನು ಅಷ್ಟು ಹಗುರಾಗಿ ನಾನು ಆ ವರ್ಷದಲ್ಲಿ ಮತ್ತೆ ನೋಡಲಿಲ್ಲ.

ಜೂನಿನಲ್ಲಿ ನಿರ್ಧಾರ ಬಂತು. ಗುಡ್ಡಗಳು ಮತ್ತೆ ಒಣಗತೊಡಗಿದ್ದವು. ಬೀಗದ ವಿಷಯವನ್ನು ಕಟ್ಟಡ ರಿಪೇರಿಯ ಕಾಲಕ್ಕೆ ಪರಿಶೀಲಿಸುತ್ತಾರಂತೆ. ವಾರದ ದಿನಗಳಲ್ಲಿ ಶಿಕ್ಷಕರ ಬಳಿ ಕೀಲಿಕೈ ಇರುವುದರಿಂದ ಅವಸರವೇನಿಲ್ಲವಂತೆ. ಸಂದೇಶದ ವಿಷಯ ಇನ್ನೊಂದು ಸಮಿತಿಗೆ ಹೋಯಿತು. ಒಂದು ನಿಯಮ ಮಾತ್ರ ತಕ್ಷಣ ಜಾರಿಗೆ ಬಂದಿತ್ತು. ವಿದ್ಯಾರ್ಥಿಗಳ ಮನಮುಟ್ಟುವ ಮಾತಿನಿಂದ ಪ್ರೇರಿತರಾಗಿ ಎಂದು ಬರೆದು, ಬಾಡಿಗೆಗೆ ಬರುವವರು ಇನ್ನು ಮುಂದೆ ಪಾದರಕ್ಷೆಗಳನ್ನಾಗಲಿ ಇತರ ವಸ್ತುಗಳನ್ನಾಗಲಿ ಬಾಗಿಲ ಹೊರಗೆ ಇಡಕೂಡದು, ಮಕ್ಕಳು ಕಟ್ಟಡದಲ್ಲಿರುವಷ್ಟು ಹೊತ್ತೂ ಶೂ ಹಾಕಿಕೊಂಡಿರಬೇಕು ಎಂದು ಬರೆದಿದ್ದರು. ತಪ್ಪಿದರೆ ಕೋಣೆ ವಾಪಸು.

ಶ್ರೀಧರ್ ಫೋನಿನಲ್ಲಿ ಓದಿ ಹೇಳಿದಾಗ ನಾನು ಎರಡು ಸಲ ಓದಿಸಿದೆ. ಹುಡುಗಿ ಬೀಗ ಕೇಳಿದ್ದಳು. ಅವರು ಶೂಗಳನ್ನು ಕೇಳಿಸಿಕೊಂಡಿದ್ದರು. ನನಗೆ ಬಂದ ಸಿಟ್ಟಿಗೆ ಬಾಯಿಗೆ ಬಂದದ್ದನ್ನೆಲ್ಲ ಗದಗಿನ ಭಾಷೆಯಲ್ಲಿ ಅಂದೆ. ಪಾಪ, ಶ್ರೀಧರ್ ಆ ಕಡೆಯಿಂದ ಹೌದು ಮೇಡಮ್, ಹೌದು ಮೇಡಮ್ ಎನ್ನುತ್ತಿದ್ದರು.

ಆ ವರ್ಷದ ಕೊನೆಯ ತರಗತಿಯ ದಿನ ಮಕ್ಕಳು ಶೂ ಹಾಕಿಕೊಂಡೇ ಬಂದು ಕೂತರು. ಚಕ್ಕಳಮಕ್ಕಳ ಹಾಕಲು ಬಾರದೆ ಕಾಲು ಚಾಚಿದರು. ಸರಸ್ವತಿಯ ಪಟವನ್ನು ನಾನು ಚೀಲದಿಂದ ತೆಗೆಯಲಿಲ್ಲ. ನಿಧಿ ತಡವಾಗಿ ಬಂದಳು. ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಇಶಾನ ಎದ್ದು ಅವಳ ಹತ್ತಿರ ಓಡಿದ, ಒಂದೇ ಜಾಗದಲ್ಲಿ ಕುಣಿದು ತೋರಿಸಿದ. ಶೂ ಕೆಂಪಾಗಿ ಮಿಣುಕಿತು.

"ನಿಧಿ ಅಕ್ಕ, ಈಗ ಬ್ಯಾಡ್ ಗೈ ಬಂದ್ರೆ ಐ ಕ್ಯಾನ್ ರನ್ ಸೋ ಫಾಸ್ಟ್."

ನಿಧಿ ಅವನ ತಲೆ ಸವರಿದಳು, ವೆರಿ ಗುಡ್ ಎಂದಳು. ಹೊರಗೆ ಹೋಗಿ ಪಡಸಾಲೆಯ ಖಾಲಿ ಗೋಡೆಗೆ ಒರಗಿ ನಿಂತಳು. ನಾನು ಮಕ್ಕಳಿಗೆ ಕಾಗುಣಿತ ಹೇಳುತ್ತಿರಿ ಎಂದು ಅವಳ ಹಿಂದೆ ಹೋದೆ.

"ನಾನು ಮಾತಾಡದೇ ಇದ್ದಿದ್ರೆ ಶೂಸ್ ಇರ್ತಿತ್ತು ಆಂಟಿ."

"ಹಂಗನಬ್ಯಾಡವ್ವಾ. ನೀ ಕೇಳಿದ್ದು ಖರೇ ಇತ್ತು."

"ಎಲ್ಲರೂ ಕೇಳಿಸ್ಕೊಂಡ್ರು. ಎಷ್ಟು ಚೆನ್ನಾಗಿ ಕೇಳಿಸ್ಕೊಂಡ್ರು ಅಲ್ವಾ. ಫೋಟೋ ಎಲ್ಲಾ ತೆಗೆದ್ರು."

ಅವಳು ನನ್ನ ಹೆಗಲಿಗೆ ಮುಖ ಒತ್ತಿ ಅತ್ತಳು. ಫೆಬ್ರವರಿಯಲ್ಲಿ ಅಳದ ಹುಡುಗಿ. ನಾನು ಅವಳ ಜಡೆ ಸವರುತ್ತ ನಿಂತೆ. ಒಳಗೆ ಮಕ್ಕಳು ಶೂಗಳಿಂದ ನೆಲ ಕುಟ್ಟುತ್ತ ಕಾಗುಣಿತ ಹೇಳುತ್ತಿದ್ದರು.

ಮರುವರ್ಷ ಅವಳು ಬರಲಿಲ್ಲ. ಓದು ಹೆಚ್ಚಾಯಿತು ಎಂದರು ಶ್ರೀಧರ್. ತರಗತಿಯನ್ನು ನಾವು ಒಬ್ಬರ ಗ್ಯಾರೇಜಿಗೆ ಸಾಗಿಸಿದೆವು, ಮಕ್ಕಳು ಕಡಿಮೆಯಾಗುತ್ತ ಬಂದರು, ಒಂದು ದಿನ ನಾನೂ ಬಿಟ್ಟೆ. ನಿಧಿ ಪೂರ್ವ ತೀರದ ಯಾವುದೋ ಕಾಲೇಜಿಗೆ ಹೋದಳು. ಅವಳ ಹಿಂದೆ ಬಂದ ಸಮಿತಿಯ ಮಕ್ಕಳು ವರ್ಷವರ್ಷವೂ ಅದೇ ಬೀಗವನ್ನು ಕೇಳುತ್ತಲೇ ಇದ್ದರೆಂದು ಆಮೇಲೆ ತಿಳಿಯಿತು.

ಹೋದ ತಿಂಗಳು ಆ ತಿರುಗಣೆಯ ಫೋಟೋ ತೆಗೆದು ನಿಧಿಗೆ ಕಳಿಸಿದೆ. ನಿನ್ನ ಬೀಗ ಬಂತು ಎಂದು ಬರೆದೆ. ಅವಳಿಗೆ ಓದಲು ತೊಡಕಾಗದಿರಲೆಂದು ಬಿಡಿಬಿಡಿಯಾಗಿ ಬರೆದೆ. ಸ್ವಲ್ಪ ಹೊತ್ತಿಗೆ ಒಂದು ಪುಟ್ಟ ಹೃದಯದ ಚಿತ್ರ ಬಂತು. ಅದರ ಹಿಂದೆಯೇ ಕನ್ನಡದಲ್ಲಿ, ನಾನು ಕಲಿಸಿದ ಅಕ್ಷರಗಳಲ್ಲಿ, ಒಂದು ಪ್ರಶ್ನೆ.

"ಶೂ ಹೊರಗೆ ಬಿಡ್ತಾರಾ ಆಂಟಿ?"

ಹೊರಗೆ ಬಂದು ನೋಡಿದೆ. ಪಡಸಾಲೆ ಖಾಲಿ. ಇಲ್ಲಿ ಏನನ್ನೂ ಇಡಬಾರದು ಎಂಬ ಬೋರ್ಡು ಗೋಡೆಯ ಮೇಲೆ ಬಿಸಿಲಿಗೆ ಬಣ್ಣ ಕಳೆದುಕೊಂಡಿತ್ತು. ಇರಲಿ, ಅವಳಿಗಾಗಿ ನಾನಾದರೂ ಬಿಟ್ಟು ನೋಡುತ್ತೇನೆ, ಆಮೇಲೆ ಫೋಟೋ ಕಳಿಸಿದರಾಯಿತು ಎಂದುಕೊಂಡೆ. ನನ್ನ ಚಪ್ಪಲಿಗಳನ್ನು ಕಳಚಿ ಗೋಡೆಗುಂಟ ಹಳೆಯ ಜಾಗದಲ್ಲಿ ಜೋಡಿಸಿ ಬಿಟ್ಟೆ. ಒಳಗೆ ಹೋಗಿ ಬಾಗಿಲು ಹಾಕಿ, ಹೆಬ್ಬೆರಳಿನಿಂದ ತಿರುಗಣೆ ತಿರುಗಿಸಿದೆ. ಮೆತ್ತಗೆ ಸದ್ದಾಗಿ ಬೀಗ ಬಿತ್ತು. ಮಕ್ಕಳ ಪುಟ್ಟ ಕುರ್ಚಿಯೊಂದರಲ್ಲಿ ಕೂತೆ. ಇನ್ನೇನು, ಎಲ್ಲ ಭದ್ರ. ಚಪ್ಪಲಿ ಹೊರಗಿದ್ದರೇನು.

ಕೂತಿರಲು ಆಗಲಿಲ್ಲ. ಮತ್ತೆ ಎದ್ದು, ತಿರುಗಣೆ ತಿರುಗಿಸಿ, ಬಾಗಿಲು ಇಷ್ಟೇ ಇಷ್ಟು ತೆರೆದು, ಕಾರು ನಿಲುಗಡೆಯ ಕಡೆ ನೋಡುತ್ತ ಕೈ ಚಾಚಿ ಚಪ್ಪಲಿಗಳನ್ನು ಒಳಗೆ ಎಳೆದುಕೊಂಡೆ. ಪುಸ್ತಕದ ಕಪಾಟಿನ ಕೆಳಗೆ ಇಟ್ಟೆ. ನಿಧಿಗೆ ಇನ್ನೂ ಉತ್ತರ ಬರೆದಿಲ್ಲ.